ತಮಟೆ ಕಲಿಸುವ ಮೇಷ್ಟ್ರು

ಈಗ ಊರೂರಿನ ಕಲಾಕೇಂದ್ರಗಳಲ್ಲಿ, ರಂಗಶಿಬಿರಗಳಲ್ಲಿ, ಬೇಸಿಗೆ ರಜೆಯ ಮಕ್ಕಳ ಮೇಳಗಳಲ್ಲಿ ತಮಟೆ ಕಲಿಸುತ್ತಾರೆ. ಕಲಿಸಲಿಕ್ಕೆ ಕೇರಿಯಿಂದ ಹಿರಿಯರನ್ನು ಕರೆಸುತ್ತಾರೆ. ಅವರಿಗೆ ಕುರ್ಚಿ ಹಾಕುತ್ತಾರೆ, 'ಮೇಷ್ಟ್ರೇ' ಅನ್ನುತ್ತಾರೆ, ಕೊನೆಯ ದಿನ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತಾರೆ. ಊರ ಗುಡಿಯ ಮೆಟ್ಟಿಲು ಹತ್ತಲು ಬಿಡದ ಮನುಷ್ಯನ ಎದುರು ಮೇಲುಜಾತಿಯ ಮಕ್ಕಳು ಕೂತು ಏಟು ಕಲಿಯುವುದನ್ನು ಕಂಡರೆ ಯಾರಿಗೆ ತಾನೆ ಸಂತೋಷವಾಗದು? ನಮಗೂ ಆಗುತ್ತದೆ. ಆದರೆ ಸಂತೋಷಪಟ್ಟು ಸುಮ್ಮನಾಗುವ ಹಾಗಿಲ್ಲ. ಇದರೊಳಗೆ ಒಂದು ಪ್ರಶ್ನೆ ಮುಳ್ಳಿನ ಹಾಗೆ ಕೂತಿದೆ. ಬಂಧನದಲ್ಲಿ ಹುಟ್ಟಿದ ವಿದ್ಯೆಯನ್ನು ಕಲಿಸಬಹುದೆ? ಕಲಿಸುವುದಾದರೆ ಯಾವ ಷರತ್ತಿನ ಮೇಲೆ? ಕಲಿಸುವವನು ನಿಜವಾಗಿ ಗುರುವಾಗುವುದು ಯಾವಾಗ?

ಈ ಮಾತು ಬಂದಾಗೆಲ್ಲ ನಮ್ಮ ಗೆಳೆಯರಲ್ಲಿ ಎರಡು ಗುಂಪಾಗುತ್ತದೆ. ಒಂದು ಗುಂಪು ಹೇಳುತ್ತದೆ: "ತಮಟೆ ನಮ್ಮ ಗುಲಾಮಗಿರಿಯ ಗುರುತು. ಹೆಣದ ಮುಂದೆ ಬಡಿದಿದ್ದೇವೆ, ತೇರಿನ ಮುಂದೆ ಬಡಿದಿದ್ದೇವೆ. ಗೌಡರ ಮನೆ ಮದುವೆಯಲ್ಲಿ ದೂರ ನಿಂತು ಬಡಿದು, ಎಲ್ಲರೂ ಉಂಡ ಮೇಲೆ ಮಿಕ್ಕಿದ್ದನ್ನು ಸೆರಗಿಗೆ ಹಾಕಿಸಿಕೊಂಡು ಬಂದಿದ್ದೇವೆ. ಅದನ್ನು ಒಲೆಗೆ ಹಾಕಬೇಕೇ ಹೊರತು ಶಾಲೆಗೆ ತರಬಾರದು." ಇನ್ನೊಂದು ಗುಂಪು ಹೇಳುತ್ತದೆ: "ತಮಟೆ ನಮ್ಮ ಅಪ್ಪಂದಿರ ವಿದ್ಯೆ. ಅಕ್ಷರ ಕಲಿಯಲು ಬಿಡದವರ ನಡುವೆ ಅವರು ಮಾತಾಡಿದ್ದು ಅದರಲ್ಲೇ. ನಮ್ಮ ಮೆರವಣಿಗೆಗಳಿಗೆ ದನಿ ಕೊಟ್ಟದ್ದೂ ಅದೇ. ಅದನ್ನೂ ಬಿಟ್ಟರೆ ನಮ್ಮ ಕೈಯಲ್ಲಿ ಉಳಿಯೋದೇನು?" ಇಬ್ಬರೂ ಕೇರಿಯವರೇ. ಇಬ್ಬರ ಮಾತಿನಲ್ಲೂ ಸುಟ್ಟ ಗಾಯವಿದೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಹಾಗಿದ್ದರೆ ಜಗಳ ಎಲ್ಲಿದೆ?

ಇಬ್ಬರೂ ವಾದ್ಯದ ಬಗ್ಗೆ ಜಗಳವಾಡುತ್ತಿದ್ದಾರೆ ಅಂತ ನಮಗೆ ತೋರುತ್ತದೆ. ವಾದ್ಯದಲ್ಲಿ ಏನಿದೆ? ಒಂದು ಬಳೆ, ಅದಕ್ಕೆ ಬಿಗಿದ ತೊಗಲು, ಒಂದು ಗಿಡ್ಡ ಕೋಲು, ಒಂದು ತೆಳ್ಳನೆಯ ಉದ್ದ ಕೋಲು, ಬಡಿಯುವ ಮುಂಚೆ ತೊಗಲು ಕಾಯಿಸಲಿಕ್ಕೆ ಒಂದಿಷ್ಟು ಬೆಂಕಿ. ಇದರಲ್ಲಿ ಗುಲಾಮಗಿರಿಯೂ ಇಲ್ಲ, ಬಿಡುಗಡೆಯೂ ಇಲ್ಲ. ಅವೆರಡೂ ಇರುವುದು ಬಡಿಯುವವನಿಗೂ ಬಡಿಸುವವನಿಗೂ ನಡುವಿನ ಸಂಬಂಧದಲ್ಲಿ. ನಾವು ನೋಡಬೇಕಾದ್ದು ಆ ಸಂಬಂಧವನ್ನು.

೧

ಹಳ್ಳಿಯ ಹಳೆಯ ವ್ಯವಸ್ಥೆಯಲ್ಲಿ ತಮಟೆ ಬಡಿಯುವುದು ಕಸುಬಾಗಿರಲಿಲ್ಲ, ಕಟ್ಟುಪಾಡಾಗಿತ್ತು. ತೋಟಿ, ತಳವಾರರ ಚಾಕರಿಯ ಜೊತೆಗೆ ಅದೂ ಅಂಟಿಕೊಂಡಿತ್ತು. ಡಂಗುರ ಸಾರಬೇಕು, ಸತ್ತ ಸುದ್ದಿ ಮುಟ್ಟಿಸಬೇಕು, ಮಾರಿಹಬ್ಬಕ್ಕೆ ಬಡಿಯಬೇಕು, ಹೆಣದ ಮುಂದೆ ಬಡಿಯಬೇಕು. ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ನಿಂತರೆ ಒಂದಿಷ್ಟು ಆಯ. ಇಷ್ಟು ಬಡಿದರೆ ಇಷ್ಟು ಅನ್ನುವ ಲೆಕ್ಕ ಇರಲಿಲ್ಲ. ಯಾಕೆಂದರೆ ಕೂಲಿ ಕೇಳುವವನಿಗೆ ಬೇಡ ಅನ್ನುವ ಹಕ್ಕೂ ಇರುತ್ತದೆ. ಇವನಿಗೆ ಅದಿರಲಿಲ್ಲ. ಜ್ವರ ಬಂದು ಮಲಗಿದ್ದರೆ ಮಗನನ್ನು ಕಳಿಸು, ಮಗ ಇಲ್ಲದಿದ್ದರೆ ತಮ್ಮನನ್ನು ಕಳಿಸು. ಕರೆ ಬರುತ್ತಿದ್ದದ್ದು ಮನುಷ್ಯನಿಗಲ್ಲ, ಜಾತಿಗೆ.

ಬಾಬಾಸಾಹೇಬರು ಮಹಾರ್ ವತನದ ವಿರುದ್ಧ ಹೋರಾಡಿದ್ದು ಈ ಕಾರಣಕ್ಕೇ. ೧೯೨೮ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅವರು ವತನದ ಕಾಯಿದೆಗೆ ತಿದ್ದುಪಡಿಯ ಮಸೂದೆ ತಂದರು. ತುಂಡು ನೆಲ, ಹಿಡಿ ಕಾಳಿನ ಆಸೆಗೆ ಒಂದು ಇಡೀ ಜನಾಂಗ ಹಗಲಿರುಳು ಸರ್ಕಾರದ ಮತ್ತು ಊರಿನ ಕರೆಗೆ ಓಡಬೇಕಾದ ಪದ್ಧತಿ ಅದು. ಸ್ವಂತ ಸಮಯ ಇಲ್ಲದವನಿಗೆ ಸ್ವಂತ ಮನಸ್ಸೂ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ರಾಜ್ಯದಲ್ಲಿ ೧೯೬೧ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಆಯಿತು. ವಂಶಪಾರಂಪರ್ಯ ಹುದ್ದೆಗಳು ಕಾಗದದ ಮೇಲೆ ಹೋದವು. ಆದರೆ ಹುದ್ದೆ ಹೋದರೂ ಕರೆ ಹೋಗಲಿಲ್ಲ. ತಮಟೆ ಬಡಿಯೋದಿಲ್ಲ ಅಂದದ್ದಕ್ಕೆ ಕೇರಿಗೆ ಕೂಲಿ ನಿಲ್ಲಿಸಿ, ಅಂಗಡಿಯಲ್ಲಿ ಸಾಮಾನು ಕೊಡದೆ, ಬಹಿಷ್ಕಾರ ಹಾಕಿದ ಸುದ್ದಿಗಳನ್ನು ಈ ಶತಮಾನದಲ್ಲೂ ನಾವು ಓದಿದ್ದೇವೆ.

ಆದ್ದರಿಂದ ಮೊದಲ ಗುಂಪಿನ ಗೆಳೆಯರ ಸಿಟ್ಟು ನ್ಯಾಯವಾದದ್ದು. ಬೇಡ ಎನ್ನುವ ಹಕ್ಕಿಲ್ಲದವನ ಕೈಯಿಂದ ಬಂದದ್ದು ಎಷ್ಟೇ ಚೆಂದವಿರಲಿ, ಅದು ಬಿಟ್ಟಿಚಾಕರಿ. ಅದನ್ನು ನೋಡಿ ಆಹಾ ಅನ್ನುವವನು ಕಲಾರಸಿಕನಲ್ಲ, ಯಜಮಾನ.

ಆದರೆ ಎಪ್ಪತ್ತರ ದಶಕದಲ್ಲಿ ಏನಾಯಿತು? ಅದೇ ತಮಟೆಯನ್ನು ಹಿಡಿದು ನಮ್ಮ ಹುಡುಗರು ಸಂಘರ್ಷ ಸಮಿತಿಯ ಮೆರವಣಿಗೆಗಳ ಮುಂದೆ ನಡೆದರು. ಕೈ ಅದೇ, ತೊಗಲು ಅದೇ, ಎಷ್ಟೋ ಕಡೆ ಏಟೂ ಅದೇ. ಹೆಣದ ಮುಂದೆ ಬಡಿಯುತ್ತಿದ್ದ ಗತ್ತೇ ತಾಲ್ಲೂಕು ಕಚೇರಿಯ ಮುಂದೆಯೂ ಕೇಳಿತು. ಆದರೂ ಅದು ಬೇರೆಯಾಯಿತು. ಯಾಕೆ? ಯಾರೂ ಅವರನ್ನು ಕರೆದಿರಲಿಲ್ಲ. ಅವರಾಗಿಯೇ ಬಂದಿದ್ದರು. ಬಡಿಯದೆ ಇರಬಹುದಾಗಿದ್ದವರು ಬಡಿದರು. ಎರಡನೆಯ ಗುಂಪಿನ ಗೆಳೆಯರ ಹೆಮ್ಮೆಯೂ ನ್ಯಾಯವಾದದ್ದೇ.

ಎರಡನ್ನೂ ಸೇರಿಸಿ ನೋಡಿದರೆ ಸಿಗುವ ಮಾತು ಇಷ್ಟು: ಕಲೆ ಶುರುವಾಗುವುದು ಚರ್ಮದಿಂದಲ್ಲ, ತಾಳದಿಂದಲ್ಲ, 'ಬಡಿಯೋದಿಲ್ಲ' ಅನ್ನುವ ಹಕ್ಕಿನಿಂದ. ಒಲ್ಲೆ ಅನ್ನಬಲ್ಲವನ ಹೂಂ ಮಾತ್ರ ಹೂಂ. ಚೌಡಿಕೆಯ ಪದಗಳಿಗೂ ಇದೇ ಅಳತೆ. ಎಲ್ಲಮ್ಮನ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ಪದ್ಧತಿಯಿಂದ ಆ ಹಾಡನ್ನು ಬಿಡಿಸಿ ನೋಡಲಿಕ್ಕೆ ಆಗುವುದಿಲ್ಲ. ೧೯೮೨ರ ದೇವದಾಸಿ ನಿಷೇಧ ಕಾಯಿದೆ ಮುಟ್ಟಬೇಕಾದ್ದು ಪದ್ಧತಿಯನ್ನು. ಹಾಡು ಉಳಿಯಲಿ ಅಂತ ಪದ್ಧತಿ ಉಳಿಸುವವನು ಹಾಡಿನ ಗೆಳೆಯನಲ್ಲ. ಪದ್ಧತಿ ಹೋಗಲಿ ಅಂತ ಹಾಡಿದವಳ ಬಾಯಿ ಮುಚ್ಚಿಸುವವನು ಆಕೆಯ ಗೆಳೆಯನೂ ಅಲ್ಲ.

೨

ಈ ಅಳತೆಗೋಲು ಹಿಡಿದುಕೊಂಡು ಈಗ ಕಲಾಕೇಂದ್ರದೊಳಗೆ ಹೋಗೋಣ.

ನಮ್ಮಲ್ಲಿ ಒಳ್ಳೆಯ ಪ್ರಯತ್ನಗಳು ನಡೆದಿವೆ. ೧೯೪೯ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಮ್ ಹುಟ್ಟಿತು, ೧೯೮೦ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರವೂ ಆಯಿತು. ನಾಟಕ ಕಲಿಯಲಿಕ್ಕೆ ಪಟ್ಟಣಕ್ಕೇ ಹೋಗಬೇಕಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು. ರಾಮನಗರದ ಹತ್ತಿರ ಜಾನಪದ ಲೋಕ ೧೯೯೪ರಲ್ಲಿ ಬಾಗಿಲು ತೆರೆಯಿತು. ೨೦೧೧ರಲ್ಲಿ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯ ಆಯಿತು. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ದಲಿತ ಚಳವಳಿಯಿಂದ ಬಂದ ಗೆಳೆಯರೇ ಕಟ್ಟಿದ ಆದಿಮ ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡಿಗೂ ನಾಟಕಕ್ಕೂ ಅಂಗಳ ಕೊಟ್ಟಿತು. ೨೦೨೩ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಇವನ್ನೆಲ್ಲ ಸಣ್ಣದು ಮಾಡುವುದು ನಮ್ಮ ಉದ್ದೇಶ ಅಲ್ಲ. ಆದರೆ ಒಬ್ಬರ ಎದೆಗೆ ಬಿದ್ದ ಪದಕ ಸಾವಿರ ಜನರ ಕೂಲಿಯಾಗುವುದಿಲ್ಲ. ನಾವು ಕೇಳುತ್ತಿರುವುದು ದಿನದಿನದ ಪಾಠದ ಮನೆಯಲ್ಲಿ ಏನು ನಡೆಯುತ್ತದೆ ಅಂತ.

ಏಕಲವ್ಯನ ಕತೆ ಎಲ್ಲರಿಗೂ ಗೊತ್ತು. ಕಲಿಸದೇ ಇದ್ದ ಗುರು ಶಿಷ್ಯನ ಹೆಬ್ಬೆರಳು ಕೇಳಿದ. ನಮ್ಮ ಸಭೆಗಳಲ್ಲಿ ಈ ಕತೆಯನ್ನು ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಕಲಾಕೇಂದ್ರದಲ್ಲಿ ಈ ಕತೆ ತಿರುಗುಮುರುಗಾಗಿದೆ. ಇಲ್ಲಿ ಗುರು ಕೇರಿಯವನು, ಶಿಷ್ಯ ಮೇಲಿನವನು. ಗುರು ಬಾಯ್ತುಂಬ ಕಲಿಸುತ್ತಾನೆ, ಏನನ್ನೂ ಮುಚ್ಚಿಡುವುದಿಲ್ಲ. ಆಮೇಲೆ ಹೆಬ್ಬೆರಳು ಹೋಗುವುದು ಯಾರದು? ಸ್ವಲ್ಪ ನೋಡಿ. ಮೂರು ತಿಂಗಳು ಕಲಿತ ಶಿಷ್ಯನಿಗೆ ಸರ್ಟಿಫಿಕೇಟು ಸಿಗುತ್ತದೆ. ನಲವತ್ತು ವರ್ಷ ಬಡಿದ ಗುರುವಿನ ಹತ್ತಿರ ಯಾವ ಕಾಗದವೂ ಇಲ್ಲ. ಮುಂದಿನ ವರ್ಷ ಶಾಲೆಯಲ್ಲಿ, ಕಾಲೇಜಿನಲ್ಲಿ ಜಾನಪದ ವಾದ್ಯ ಕಲಿಸುವವರು ಬೇಕಾದಾಗ ಕಾಗದ ಇದ್ದವನನ್ನು ಕರೆಯುತ್ತಾರೆ. ಗುರು ಅವನ ಶಿಬಿರಕ್ಕೆ 'ಸಂಪನ್ಮೂಲ ವ್ಯಕ್ತಿ'ಯಾಗಿ ಒಂದು ದಿನದ ಮಟ್ಟಿಗೆ ಬರುತ್ತಾನೆ. ಇಲ್ಲಿ ಹೆಬ್ಬೆರಳು ಕೊಟ್ಟವನು ಗುರು. ಅದೂ ನಗುನಗುತ್ತ, ಶಾಲು ಹೊದ್ದುಕೊಂಡು.

ಪದವಿ ಇಲ್ಲದವರಿಗೂ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತಲ್ಲ ಅಂತ ಕೆಲವರು ಹೇಳುತ್ತಾರೆ. ಹೌದು, ೨೦೨೨ರಲ್ಲಿ ಯುಜಿಸಿ ಒಂದು ಮಾರ್ಗಸೂಚಿ ತಂದಿತು. ೧೫ ವರ್ಷ ತಮ್ಮ ಕ್ಷೇತ್ರದಲ್ಲಿ ದುಡಿದವರನ್ನು ಡಿಗ್ರಿ ಇಲ್ಲದಿದ್ದರೂ ಪ್ರಾಧ್ಯಾಪಕರೆಂದು ತೆಗೆದುಕೊಳ್ಳಬಹುದು, ಒಟ್ಟು ಹುದ್ದೆಗಳ ನೂರಕ್ಕೆ ೧೦ರ ಮಿತಿಯೊಳಗೆ. ಆದರೆ ಅದೇ ಸಾಲಿನಲ್ಲಿ 'ಹಿರಿಯ ಮಟ್ಟದಲ್ಲಿ' ದುಡಿದವರಾದರೆ ಒಳ್ಳೆಯದು ಅಂತಲೂ ಇದೆ. ಕಂಪನಿಯ ದೊಡ್ಡ ಸಾಹೇಬನಿಗೆ ಹಿರಿಯ ಮಟ್ಟ ಇರುತ್ತದೆ. ತಮಟೆಯವನಿಗೆ ಯಾವ ಮಟ್ಟ? ಹೆಣದ ಮುಂದೆ ನಡೆದವನ ಅನುಭವಕ್ಕೆ ಯಾರು ಮುದ್ರೆ ಒತ್ತುತ್ತಾರೆ? ವಿದ್ಯೆ ಕೇರಿಯವನ ಕೈಯಲ್ಲಿದ್ದು ಮುದ್ರೆ ಇನ್ನೊಬ್ಬನ ಕೈಯಲ್ಲಿ ಇರುವ ತನಕ ಗುರು ಎಂಬ ಮಾತು ಬರೀ ಉಪಚಾರ.

೩

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಕೇಂದ್ರದಲ್ಲಿ ಕಲಿಸುವುದು ಏಟನ್ನು. ತೊಗಲನ್ನಲ್ಲ. ಈಗ ಫೈಬರಿನ ತಮಟೆ ಬಂದಿದೆ. ಬೆಂಕಿ ಬೇಡ, ವಾಸನೆ ಇಲ್ಲ, ಮಳೆಗಾಲದಲ್ಲೂ ಸಡಿಲವಾಗುವುದಿಲ್ಲ. ಅನುಕೂಲವೇ, ಇಲ್ಲ ಅನ್ನುವುದಿಲ್ಲ. ಕೇರಿಯ ಕಲಾವಿದರೂ ಅದನ್ನು ಹಿಡಿದಿದ್ದಾರೆ. ತೊಗಲು ಹದ ಮಾಡುವ ಹೀನಾಯದಿಂದ ತಪ್ಪಿಸಿಕೊಳ್ಳಲಿಕ್ಕೆ ಅವರು ಹಿಡಿದರೆ ಅದು ಅವರ ಬಿಡುಗಡೆ. ಆದರೆ ಕಲಾಕೇಂದ್ರದ ಮಗು ಫೈಬರ್ ತಮಟೆ ಹಿಡಿದು, ಇದರ ಹಿಂದೆ ಒಂದು ಕಾಲದಲ್ಲಿ ಸತ್ತ ದನ ಹೊತ್ತವನೊಬ್ಬನಿದ್ದ, ಅದನ್ನು ಸುಲಿದು ಹದ ಮಾಡಿದವನೊಬ್ಬನಿದ್ದ, ಆ ಕಾರಣಕ್ಕೇ ಅವನನ್ನು ಊರಾಚೆ ಇಟ್ಟರು ಎಂಬುದನ್ನು ತಿಳಿಯದೆಯೇ ತಾಳ ಕಲಿತರೆ, ಆ ಮಗುವಿಗೆ ತಮಟೆ ಬಂತು ಅನ್ನಬಹುದೆ? ಸದ್ದು ಬಂತು ಅಷ್ಟೇ.

ಸದ್ದನ್ನು ಮನೆಯೊಳಕ್ಕೆ ಕರೆದು ತೊಗಲನ್ನು ಹೊರಗೆ ನಿಲ್ಲಿಸುವುದು ಹೊಸದೇನಲ್ಲ. ಮೃದಂಗವನ್ನೇ ನೋಡಿ. ಅದಕ್ಕೆ ದನದ, ಆಡಿನ, ಎಮ್ಮೆಯ ತೊಗಲು ಬೇಕು. ಅದನ್ನು ನುಡಿಸುತ್ತ ಬಂದವರಲ್ಲಿ ಬಹುಪಾಲು ಬ್ರಾಹ್ಮಣರು. ಅದನ್ನು ಮಾಡುತ್ತ ಬಂದ ತಂಜಾವೂರು, ಮದರಾಸಿನ ಮನೆತನಗಳಲ್ಲಿ ಹಲವು ದಲಿತ ಕ್ರೈಸ್ತರವು. ಪಾಲ್ಘಾಟ್ ಮಣಿ ಅಯ್ಯರ್ ಎಂಬ ಮಹಾ ವಿದ್ವಾಂಸರ ಮೃದಂಗದ ನಾದ ಪರ್ಲಾಂದು ಎಂಬ ತಯಾರಕನ ಕೈಯಲ್ಲಿ ರೂಪಗೊಂಡಿತು. ಹೆಸರು ಎಲ್ಲರಿಗೂ ಗೊತ್ತಾದದ್ದು ಅಯ್ಯರ್ ಅವರದು. ತೊಗಲಿನ ಯಾವ ಭಾಗ ಯಾವ ನಾದ ಕೊಡುತ್ತದೆ ಎಂದು ಬಲ್ಲವನು 'ಕೆಲಸದವನು', ಅದರ ಮೇಲೆ ಬೆರಳಾಡಿಸಿದವನು 'ಕಲಾವಿದ'. ಈ ತಯಾರಕರ ಬಗ್ಗೆ ಗಾಯಕ ಟಿ. ಎಂ. ಕೃಷ್ಣ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ಬರೆದರು. ೨೦೨೦ರಲ್ಲಿ ಅದರ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಮೊದಲು ಸಭಾಂಗಣ ಕೊಟ್ಟು, ಆಮೇಲೆ ಪುಸ್ತಕದಲ್ಲಿ ವಿವಾದದ, ರಾಜಕೀಯದ ವಿಷಯಗಳಿವೆ ಅಂತ ಅನುಮತಿ ಹಿಂದಕ್ಕೆ ಪಡೆಯಿತು. ಮೃದಂಗಕ್ಕೆ ಒಳಗೆ ಜಾಗವಿತ್ತು. ಮೃದಂಗದ ತೊಗಲಿನ ಕತೆಗೆ ಇರಲಿಲ್ಲ.

ನಾವು ಹರಳಯ್ಯನನ್ನು ನೆನೆಯುತ್ತೇವೆ. ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಮಾಡಿಕೊಟ್ಟ ಎಂಬ ಕತೆಗೆ ಮಠಗಳಲ್ಲಿ ಕಣ್ಣೀರು ಬರುತ್ತದೆ. ಆದರೆ ಹರಳಯ್ಯನ ರಂಪಿಗೆಯನ್ನು ಕೈಗೆ ತೆಗೆದುಕೊಂಡು 'ಅಪ್ಪಾ, ನನಗೂ ಕಲಿಸು' ಅಂತ ಕೇಳಿದ ಮೇಲಿನವರು ಎಷ್ಟು ಜನ? ಭಕ್ತಿಯನ್ನು ಹಂಚಿಕೊಂಡವರು ಕಸುಬನ್ನು ಹಂಚಿಕೊಳ್ಳಲಿಲ್ಲ. ಅಥಣಿಯ ಕಡೆ ಸಮಗಾರರು ತಲೆತಲಾಂತರದಿಂದ ಹೊಲೆದ ಚಪ್ಪಲಿ ಇವತ್ತು 'ಕೊಲ್ಹಾಪುರಿ' ಎಂಬ ಹೆಸರಿನಲ್ಲಿ ಲೋಕಕ್ಕೆಲ್ಲ ಗೊತ್ತು. ೨೦೧೯ರಲ್ಲಿ ಮಹಾರಾಷ್ಟ್ರದ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಅದರ ಭೌಗೋಳಿಕ ಗುರುತು ಸಿಕ್ಕಿತು. ೨೦೨೫ರ ಜೂನಿನಲ್ಲಿ ಪ್ರಾಡಾ ಎಂಬ ಇಟಲಿಯ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನಿನ ವೇದಿಕೆ ಹತ್ತಿಸಿತು, ಎಲ್ಲಿಯದೆಂದು ಹೇಳದೆ. ಗಲಾಟೆಯಾದ ಮೇಲೆ ಒಪ್ಪಿಕೊಂಡಿತು. ಇಟಲಿಯವನ ಮೇಲೆ ನಮಗೆಲ್ಲ ಸಿಟ್ಟು ಬಂತು. ಬರಬೇಕಾದ್ದೇ. ಆದರೆ ಊರಿನ ಚಪ್ಪಲಿ ಹೊಲೆದವನ ಹೆಸರು ಕೇಳಿದರೆ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

೪

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಬರುತ್ತದೆ. ಅದನ್ನು ಎದುರಿಸದೆ ಮುಂದೆ ಹೋಗುವುದು ಅಪ್ರಾಮಾಣಿಕತೆ. "ನೀವು ಹೇಳುವುದನ್ನು ನೋಡಿದರೆ ತಮಟೆಯನ್ನು ಕೇರಿಯವರೇ ಇಟ್ಟುಕೊಳ್ಳಬೇಕು ಅಂದಹಾಗಾಯಿತು. ಹುಟ್ಟಿನಿಂದ ವಿದ್ಯೆ ಅನ್ನುವುದು ಜಾತಿಯೇ ಅಲ್ಲವೆ? ವೇದ ಅವರದು, ತಮಟೆ ನಮ್ಮದು ಅಂದರೆ ಮನುವಿಗೆ ನೀವೇ ಸಹಿ ಹಾಕಿಕೊಟ್ಟಂತೆ ಅಲ್ಲವೆ?"

ಆಕ್ಷೇಪಣೆ ಸರಿಯಾಗಿಯೇ ಇದೆ. ಜಾತಿ ಎಂದರೆ ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಹಂಚಿಟ್ಟ ವ್ಯವಸ್ಥೆ ಎಂದು ಬಾಬಾಸಾಹೇಬರು ೧೯೩೬ರಲ್ಲೇ ವಾದಿಸಿದ್ದರು. ಕಸುಬು ಕಲಿಸುವುದರ ಹೆಸರಲ್ಲಿ ಜಾತಿಯನ್ನೇ ಕಲಿಸಿದ ಉದಾಹರಣೆಗಳಿವೆ. ೧೯೫೩ರಲ್ಲಿ ಮದರಾಸು ರಾಜ್ಯದಲ್ಲಿ ರಾಜಾಜಿಯವರು ಹಳ್ಳಿಯ ಮಕ್ಕಳಿಗೆ ಅರ್ಧ ದಿನ ಶಾಲೆ, ಇನ್ನರ್ಧ ದಿನ ಅಪ್ಪನ ಕಸುಬು ಎಂಬ ಯೋಜನೆ ತಂದರು. ಅಗಸರ ಮಗ ಬಟ್ಟೆ ಒಗೆಯುವುದನ್ನು, ಚಮ್ಮಾರನ ಮಗ ಚಪ್ಪಲಿ ಹೊಲೆಯುವುದನ್ನು ಕಲಿಯಲಿ. ಪೆರಿಯಾರ್ ಮತ್ತು ಅವರ ಜನ ಇದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದು ಬೀದಿಗಿಳಿದರು. ಮರುವರ್ಷ ಯೋಜನೆ ರದ್ದಾಯಿತು. ೨೦೨೩ರಲ್ಲಿ ಕೇಂದ್ರ ಸರ್ಕಾರ ೧೮ ಕಸುಬುಗಳಿಗೆ ವಿಶ್ವಕರ್ಮ ಯೋಜನೆ ತಂದಾಗ ಮನೆತನದ ಕಸುಬು ಎಂಬ ಮಾತಿಗೆ ತಮಿಳುನಾಡು ೨೦೨೪ರಲ್ಲಿ ಅಡ್ಡ ನಿಂತು, ಇದ್ದ ಹಾಗೆಯೇ ಜಾರಿ ಮಾಡುವುದಿಲ್ಲ ಅಂದದ್ದೂ ಇದೇ ನೆನಪಿನಿಂದ.

ಆದ್ದರಿಂದ ನಮ್ಮ ನಿಲುವನ್ನು ಬಿಡಿಸಿ ಹೇಳುತ್ತೇವೆ. ಅಪಾಯ ಎರಡು ಕಡೆ ಇದೆ. ವಿದ್ಯೆ ಕೇರಿಯಿಂದ ಹೊರಟುಹೋಗಿ ಕೇರಿಯ ಮನುಷ್ಯ ಅಲ್ಲೇ ಉಳಿಯುವುದು ಒಂದು ಅಪಾಯ. ವಿದ್ಯೆಯ ಜೊತೆಗೆ ಮನುಷ್ಯನನ್ನೂ ಕೇರಿಯಲ್ಲೇ ಕಟ್ಟಿಹಾಕುವುದು ಇನ್ನೊಂದು. ಮೊದಲನೆಯದು ಕಳ್ಳತನ, ಎರಡನೆಯದು ಸೆರೆಮನೆ. ತಮಟೆಯನ್ನು ಎಲ್ಲರಿಗೂ ಕಲಿಸಬೇಕು. ಅಗ್ರಹಾರದ ಹುಡುಗನೂ ಕಲಿಯಬೇಕು, ಲಿಂಗಾಯತರ, ಒಕ್ಕಲಿಗರ ಹುಡುಗಿಯೂ ಕಲಿಯಬೇಕು. ಗಂಡಸರ ಕೈಯಲ್ಲೇ ಇದ್ದ ತಮಟೆಯನ್ನು ಈಗ ಹೆಣ್ಣುಮಕ್ಕಳ ತಂಡಗಳು ಹಿಡಿದಿವೆ. ಅದು ಯಾರಪ್ಪನ ಅಪ್ಪಣೆಯಿಂದಲೂ ಆದದ್ದಲ್ಲ. ಆದರೆ ಅದೇ ಹೊತ್ತಿಗೆ ಕೇರಿಯ ಹುಡುಗ 'ನನಗೆ ತಮಟೆ ಬೇಡ, ಕಂಪ್ಯೂಟರ್ ಬೇಕು, ವೀಣೆ ಬೇಕು' ಅಂದರೆ ಅವನನ್ನು ಯಾರೂ 'ನಿನ್ನ ಸಂಸ್ಕೃತಿ ಮರೆತೆ' ಅಂತ ಹಂಗಿಸಬಾರದು. ನಾವೂ ಹಂಗಿಸಬಾರದು. ಸಂಸ್ಕೃತಿ ಉಳಿಸುವ ಹೊರೆಯನ್ನು ಯಾವಾಗಲೂ ಬಡವನ ಮಗನ ತಲೆಗೇ ಯಾಕೆ ಹೊರಿಸಬೇಕು? ಉಳಿಯಬೇಕೆಂದು ಅಷ್ಟು ಆಸೆಯಿರುವವರು ತಮ್ಮ ಮಕ್ಕಳಿಗೆ ಕಲಿಸಲಿ.

ಕೇರಿಯ ಒಂದು ಮನೆಯಲ್ಲಿ ನಾವು ಕೇಳಿದ ಮಾತು ಇದು. ಕಲಾಕೇಂದ್ರದಲ್ಲಿ ತಮಟೆ ಕಲಿಸಿ ಬಂದ ಅಪ್ಪನಿಗೆ ಮಗ ಕೇಳಿದ: "ಅಲ್ಲಪ್ಪ, ಅವ್ರ ಮಕ್ಕಳಿಗೆ ಹೇಳ್ಕೊಟ್ಯಲ್ಲ, ನಾಳೆ ಅವ್ರ ಮನೇಲಿ ಹೆಣ ಬಿದ್ರೆ ಅವ್ರೇ ಬಡ್ಕೊತಾರಾ, ನಿನ್ನೇ ಕರೀತಾರಾ?" ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಕರದ್ರೆ ಹೋಗಲ್ಲ ಕಣ್ಲಾ. ಕಲ್ಸಕ್ಕೆ ಕರದ್ರೆ ಹೋಯ್ತೀನಿ." ಯಾವ ಪುಸ್ತಕದಲ್ಲೂ ಓದದ ಆ ಹಿರಿಯರು ನಮ್ಮ ಪ್ರಶ್ನೆಗೆ ಎರಡೇ ವಾಕ್ಯದಲ್ಲಿ ಉತ್ತರ ಕೊಟ್ಟರು. ಬಡಿಯಲಿಕ್ಕೆ ಬರುವುದಿಲ್ಲ ಎಂದವರೇ ಕಲಿಸಲಿಕ್ಕೆ ಬರುತ್ತೇನೆ ಎಂದರು. ಅವರು ಮೇಷ್ಟ್ರಾದದ್ದು ಆ ಗಳಿಗೆಯಲ್ಲಿ. ಶಾಲು ಹೊದಿಸಿದಾಗಲ್ಲ.

೫

ಹಾಗಾದರೆ ಕಲಾಕೇಂದ್ರ ನಡೆಸುವವರು ಏನು ಮಾಡಬೇಕು? ನಮ್ಮ ಮಾತು ಕಷ್ಟದ್ದೇನಲ್ಲ.

ಕಲಿಸಲು ಬಂದವರನ್ನು ಮಂತ್ರಿ ಬಂದಾಗ ಬಾಗಿಲಲ್ಲಿ ನಿಲ್ಲಿಸಿ ಬಡಿಸಬೇಡಿ. ಹಳೆಯ ಗೌಡನ ಜಾಗಕ್ಕೆ ಹೊಸ ಗಣ್ಯರು ಬಂದರೆ ತೋಟಿಯ ಚಾಕರಿ ಹೋದಂತಲ್ಲ, ಅದರ ಬಟ್ಟೆ ಬದಲಾಯಿತು ಅಷ್ಟೇ. ಬರುವುದಿಲ್ಲ ಎಂದರೆ ಅವರ ಪಾಠದ ಕೆಲಸಕ್ಕೆ ಕುತ್ತು ಬರಬಾರದು. ಅದೇ ಕೇಂದ್ರದಲ್ಲಿ ಸಂಗೀತ ಕಲಿಸುವ ವಿದ್ವಾಂಸರಿಗೆ ಗಂಟೆಗೆ ಎಷ್ಟೋ, ತಮಟೆ ಕಲಿಸುವವರಿಗೂ ಅಷ್ಟೇ ಕೊಡಿ. ಗೌರವಧನ ಅನ್ನುವ ಮಾತಿನ ಹಿಂದೆ ಕೂಲಿಯನ್ನು ಬಚ್ಚಿಡಬೇಡಿ. ಕರಪತ್ರದಲ್ಲಿ 'ಜಾನಪದ ಕಲಾವಿದರಿಂದ' ಎಂದು ಹಾಕಿ ಮುಗಿಸದೆ ಅವರ ಹೆಸರು, ಊರು ಹಾಕಿ. ಕಲಿತವನಿಗೆ ಕೊಡುವ ಕಾಗದದ ಮೇಲೆ ಕಲಿಸಿದವರ ರುಜು ಇರಲಿ. ರುಜು ಬಾರದಿದ್ದರೆ ಹೆಬ್ಬೆಟ್ಟು ಇರಲಿ. ಆ ಹೆಬ್ಬೆರಳಿಗೆ ಅಷ್ಟಾದರೂ ಬೆಲೆ ಬರಲಿ. ಯಾರಿಗೆ ಮುದ್ರೆ ಎಂದು ತೀರ್ಮಾನಿಸುವ ಸಮಿತಿಯಲ್ಲಿ ಅವರೂ ಕೂತಿರಲಿ. ಮೊದಲ ಪಾಠ ಏಟಿನದಾಗಬೇಕಿಲ್ಲ, ಚರಿತ್ರೆಯದಾಗಲಿ. ಯಾರು ಬಡಿದರು, ಯಾರು ಬಡಿಸಿದರು, ಬಡಿಯೋದಿಲ್ಲ ಅಂದವರಿಗೆ ಏನಾಯಿತು ಎಂಬುದನ್ನು ಮಕ್ಕಳು ತಿಳಿಯಲಿ. ಅದನ್ನು ಕೇಳಿ ಒಂದು ಮಗು ಕೋಲು ಕೆಳಗಿಟ್ಟು ಯೋಚಿಸುತ್ತ ಕೂತರೆ ಆ ದಿನದ ಪಾಠ ಹಾಳಾಯಿತೆಂದು ತಿಳಿಯಬೇಡಿ.

ಇಷ್ಟೆಲ್ಲ ಆದರೆ ಜಾತಿ ಹೋಗುತ್ತದೆಯೆ ಅಂತ ಕೇಳಬಹುದು. ಹೋಗುವುದಿಲ್ಲ. ಭೂಮಿ ಇಲ್ಲದವನ ಹೊಟ್ಟೆಗೆ ತಮಟೆಯ ಪಾಠ ಅನ್ನ ಹಾಕುವುದಿಲ್ಲ. ಕಲಾಕೇಂದ್ರದ ಅಂಗಳದಲ್ಲಿ ಸಿಕ್ಕ ಸಮಾನತೆ ಬಸ್ಸು ಹತ್ತಿ ಊರಿಗೆ ಬರುವಷ್ಟರಲ್ಲಿ ಕರಗುತ್ತದೆ. ನಮಗೆ ಅದು ಗೊತ್ತಿದೆ. ಆದರೆ ಮನುಷ್ಯ ಒಂದು ಕಡೆ ತಲೆಯೆತ್ತಿ ಕೂತು ಕಲಿಸಿ ಬಂದರೆ ಇನ್ನೊಂದು ಕಡೆ ತಲೆ ತಗ್ಗಿಸಿ ನಿಲ್ಲುವುದು ಅವನಿಗೆ ಕಷ್ಟವಾಗತೊಡಗುತ್ತದೆ. ಆ ಕಷ್ಟವೇ ನಮಗೆ ಬೇಕಾದ್ದು. ಅಲ್ಲಿಂದ ಮುಂದಿನ ಕೆಲಸ ಚಳವಳಿಯದು.

ಈ ಪತ್ರಿಕೆ ಓದುವವರಲ್ಲಿ ಹಳ್ಳಿಯ ಮೇಷ್ಟ್ರುಗಳು ಬಹಳ ಮಂದಿ ಇದ್ದೀರಿ. ನಿಮ್ಮ ಶಾಲೆಯ ವಾರ್ಷಿಕೋತ್ಸವಕ್ಕೂ ತಮಟೆ ಕಲಿಸಲು ಯಾರನ್ನೋ ಕರೆಸುತ್ತೀರಿ. ಆ ದಿನ ಎರಡು ಸಂಗತಿ ನೋಡಿ. ತಮಟೆ ಕಾಯಿಸಲು ಬೆಂಕಿ ಹಾಕುವಾಗ ಅವರ ಪಕ್ಕದಲ್ಲಿ ಯಾವ ಮಕ್ಕಳು ಕೂತಿದ್ದಾರೆ? ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಪಕ್ಕದಲ್ಲಿ ಯಾವ ಮೇಷ್ಟ್ರು ಕೂತಿದ್ದಾರೆ? ಕಲೆಯ ಬಗ್ಗೆ ನಾವು ಎಷ್ಟು ಪುಟ ಬರೆದರೂ ಉತ್ತರ ಇರುವುದು ಆ ಎರಡು ಜಾಗಗಳಲ್ಲಿ.